ಅಜಾಯಬ್‌ಘರದಲ್ಲಿ ಹಬಶಿಗಳ ಸಿನಿಮಾ

ಮಗನ ಗುಣಗಾನಕ್ಕೆ ಕೂತರೆ ಕೌಸಲ್ಯಾಬಾಯಿಗೆ ಒಲೆಯ ಮೇಲಿನ ಬೇಳೆ ಸೀದು ಕರಕಲಾದರೂ ಗೊತ್ತಾಗುತ್ತಿರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಆದರೆ ಈ ಪಂಢರಿ ಹೆಗ್ಗಣವೇನಲ್ಲ, ನಿಜಕ್ಕೂ ಮುದ್ದು ಮಾಡುವಂಥ ಹುಡುಗನೇ. ಇಂಗ್ಲಿಷ್ ಎಂ.ಎ. ಮಾಡಿ ಬೀದರದ ಒಂದು ಖಾಸಗಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ. ನೌಬಾದದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಕುಡಿಯುವುದಿಲ್ಲ, ಗುಟಕಾ ತಿನ್ನುವುದಿಲ್ಲ, ಬಟ್ಟೆ ತಾನೇ ಒಗೆದುಕೊಳ್ಳುತ್ತಾನೆ. ಇಂಥ ಹುಡುಗನಿಗೆ ಮೂವತ್ತು ತುಂಬುತ್ತ ಬಂದರೂ ಮದುವೆಯಿಲ್ಲ ಅಂದರೆ ಭಾತಂಬ್ರಾದ ಹೆಂಗಸರು ಬಾಯಿಗೆ ಬೀಗ ಹಾಕಿಕೊಂಡು ಕೂಡುತ್ತಾರೆಯೇ? ಆ ವರ್ಷ ಊರ ಬಾವಿ ಬತ್ತಿತ್ತು, ಬಾವಿಕಟ್ಟೆಯ ಮಾತು ಬತ್ತಿರಲಿಲ್ಲ.

ಮಾಂಜ್ರಾ ನದಿಯ ಪಾತ್ರದಲ್ಲಿ ಹುಡುಗರು ಕ್ರಿಕೆಟ್ ಆಡಿದ ವರ್ಷ ಅದು. ಮೇಲಿಂದ ಮೇಲೆ ಬಂದ ಬರಗಾಲ. ಔರಾದ ಕಡೆಯ ಹಳ್ಳಿಗಳಲ್ಲಿ ಓಣಿಗೆ ಓಣಿಯೇ ಬೀಗ ಬಿದ್ದು, ಹೈದರಾಬಾದಿನ ಬಸ್ಸುಗಳ ಮೇಲೆ ಹಾಸಿಗೆ ಸುರುಳಿ, ಕೊಡ, ಹಂಚು ಎಲ್ಲವೂ ಸವಾರಿ ಹೊರಟಿದ್ದವು. ಕೌಸಲ್ಯಾಬಾಯಿ ಅಂಗನವಾಡಿಯಲ್ಲಿ ಹಾಡು ಕಲಿಸುತ್ತಿದ್ದ ಮಕ್ಕಳಲ್ಲಿ ಅರ್ಧಕ್ಕರ್ಧ ಅಪ್ಪ-ಅವ್ವನ ಬೆನ್ನು ಹತ್ತಿ ಹೋಗಿದ್ದರು. ಬೇಸಿಗೆ ರಜೆ ಬಂದದ್ದೇ ತಡ, ಆಕೆ ಭಾತಂಬ್ರಾದ ಮನೆಗೆ ಬೀಗ ಜಡಿದು ಮಗನ ಹತ್ತಿರ ಬಂದುಬಿಟ್ಟಳು. ಊರಲ್ಲಿ ನೀರಿಲ್ಲ ಅಂತ ಹೇಳಿಕೊಂಡು ಬಂದಳು. ಬಂದದ್ದು ಮಗನ ಮದುವೆ ಕುದುರಿಸಲಿಕ್ಕೆ.

ಹುಡುಗಿ ಸಿಕ್ಕಿದ್ದಳು. ಔರಾದಿನ ಜಿಜಾಬಾಯಿಯ ಮಗಳು ವಿಶಾಖಾ. ಡಿ.ಎಡ್. ಮುಗಿಸಿದವಳು, ಇವರಂತೆಯೇ ಬೌದ್ಧರ ಮನೆ. ಜಿಜಾಬಾಯಿಯ ಗಂಡ ಆಗಲೇ ಹೈದರಾಬಾದಿನಲ್ಲಿ ಕಟ್ಟಡದ ಕೆಲಸಕ್ಕೆ ನಿಂತಿದ್ದ. ಸೋಮವಾರ ಜಿಜಾಬಾಯಿಯೂ ಹೊರಡುವವಳಿದ್ದಳು. ವಯಸ್ಸಿಗೆ ಬಂದ ಮಗಳನ್ನು ತಗಡಿನ ಶೆಡ್ಡಿಗೆ ಕರೆದೊಯ್ದು ಇಟ್ಟಿಗೆ ಹೊರಿಸುವುದೇ, ಬೀಗ ಬಿದ್ದ ಓಣಿಯಲ್ಲಿ ಒಂಟಿಯಾಗಿ ಬಿಡುವುದೇ? ಭಾಲ್ಕಿಯಲ್ಲಿದ್ದ ಜಿಜಾಬಾಯಿಯ ತಮ್ಮ ನರಸಿಂಗ ಒಂದು ದಾರಿ ಹೇಳಿದ್ದ: ಮದುವೆ ಗೊತ್ತಾದರೆ ಹುಡುಗಿ ಮದುವೆಯ ದಿನದ ತನಕ ನಮ್ಮ ಮನೆಯಲ್ಲಿರಲಿ. ಗೊತ್ತಾಗದಿದ್ದರೆ ಅವನ ಹೆಂಡತಿ ಒಲ್ಲೆ ಅಂದಿದ್ದಳು. ಹಾಗಾಗಿ ಶನಿವಾರ ಬೀದರಕ್ಕೆ ಬಂದು ಹುಡುಗನನ್ನು ನೋಡಿ, ಮನಸ್ಸಿಗೆ ಬಂದರೆ ನಿಂತ ಮೆಟ್ಟಿಗೆ ಮಾತು ಮುಗಿಸುವುದು ಅಂತ ಎರಡೂ ಕಡೆ ತೀರ್ಮಾನವಾಯಿತು.

ಪಂಢರಿಯನ್ನು ಕೇಳಿದ್ದಕ್ಕೆ, "ನಿನ್ನ ಮನಸಿಗಿ ಬಂದಂಗ ಮಾಡವ್ವಾ" ಅಂದಿದ್ದ. ತಲೆ ಎತ್ತಿ ಅಂದಿರಲಿಲ್ಲ. ನಾಚಿಕೆ ಅಂತ ಆಕೆ ತಿಳಿದಳು. ಗಂಡುಹುಡುಗ ಇಷ್ಟು ನಾಚಿದರೆ ಹೆಂಡತಿ ಸುಖವಾಗಿರುತ್ತಾಳೆ ಅಂತ ಜಿಜಾಬಾಯಿಗೆ ಫೋನು ಹಚ್ಚಿ ನಕ್ಕಿದ್ದಳು ಕೂಡ.

ಹುಡುಗನನ್ನು ತೋರಿಸುವುದು ಎಲ್ಲಿ? ನೌಬಾದದ ಮನೆಯಲ್ಲಿ ಟ್ಯಾಂಕರ್ ಬಂದ ದಿನ ನೀರು, ಬರದ ದಿನ ಬರೀ ಕೊಡದ ಸದ್ದು. ಬೀಗರಾಗುವವರಿಗೆ ಕಾಲು ತೊಳೆಯಲು ಅರ್ಧ ಚೊಂಬು ಕೊಟ್ಟರೆ ಮರ್ಯಾದೆ ಏನು ಉಳಿಯಿತು? ಆದರೆ ಇದು ನೆಪ. ನಿಜ ಸಂಗತಿ ಬೇರೆ. ಆ ಶನಿವಾರ ಸಂಜೆ ಅಜಾಯಬ್‌ಘರದಲ್ಲಿ ಸಿನಿಮಾ ಇತ್ತು, ಸಿನಿಮಾ ಇದ್ದಲ್ಲಿ ಪಂಢರಿಯ ಮಾತು ಇರುತ್ತಿತ್ತು, ಆ ಮಾತನ್ನು ಬೀಗತಿ ಕೇಳಬೇಕು ಅನ್ನುವುದು ಈ ತಾಯಿಯ ಹಟ.

ಅಜಾಯಬ್‌ಘರ ಅಂದರೆ ಸರಕಾರದ್ದಲ್ಲ. ಔಷಧಿ ಅಂಗಡಿ ನಡೆಸಿ ದಣಿದ ಮುಜೀಬೋದ್ದೀನ ಸಾಹೇಬರು ಹಳೇ ಬೀದರದ ತಮ್ಮ ಹವೇಲಿಯಲ್ಲೇ ಮಾಡಿಕೊಂಡ ಸಣ್ಣ ವಸ್ತುಸಂಗ್ರಹಾಲಯ. ಬಿದರಿ ಹುಕ್ಕಾಗಳು, ತುಕ್ಕು ತಿಂದ ಕತ್ತಿಗಳು, ಯಾವ ಕಾಲದ್ದೋ ಬೀಗಗಳು. ತಿಂಗಳಿಗೊಮ್ಮೆ ಅಂಗಳದ ಗೋಡೆಗೆ ಬಿಳಿ ಚಾದರ ಕಟ್ಟಿ ದೇಶ-ವಿದೇಶದ ಸಿನಿಮಾ ತೋರಿಸುತ್ತಿದ್ದರು. ಇಂಗ್ಲಿಷು ಬಂದವರು ಎಷ್ಟು ಮಂದಿ? ಅದಕ್ಕೇ ಪಂಢರಿ ಚಾದರದ ಪಕ್ಕದಲ್ಲಿ ನಿಂತು ಪರದೆಯ ಮೇಲಿನವರು ಆಡಿದ್ದನ್ನೆಲ್ಲ ಅಲ್ಲಲ್ಲೇ ಕನ್ನಡಕ್ಕೆ ತಂದು ಹೇಳುತ್ತಿದ್ದ. ನಡುವೆ ಕರೆಂಟು ಹೋಯಿತೆನ್ನಿ, ಆ ವರ್ಷ ಹೋಗದ ದಿನವೇ ಇರಲಿಲ್ಲ, ಆಗಲೂ ಯಾರೂ ಏಳುತ್ತಿರಲಿಲ್ಲ. ಮೊದಲೇ ನೋಡಿಟ್ಟುಕೊಂಡಿದ್ದ ಕಥೆಯನ್ನು ಅವನು ಕತ್ತಲೆಯಲ್ಲೇ ಮುಂದುವರಿಸುತ್ತಿದ್ದ. ಕರೆಂಟು ಬಂದಾಗ "ಅಯ್ಯ, ಯಾಕ ಬಂತು" ಅಂದವರೂ ಉಂಟು.

ಈ ಸಲ ಮುಜೀಬೋದ್ದೀನ ಸಾಹೇಬರಿಗೆ ಹಬಶಿಗಳ ಹುಚ್ಚು ಹಿಡಿದಿತ್ತು. ಬಹಮನಿ ಕಾಲದಲ್ಲಿ ಆಫ್ರಿಕಾದಿಂದ ಬಂದ ಕರಿಯ ಸಿಪಾಯಿಗಳು ಬೀದರದಲ್ಲಿ ಸರದಾರರಾದರು. ಊರ ಹೊರಗೆ ಹಬಶಿಕೋಟೆಯ ದಿಬ್ಬದ ಮೇಲೆ ಅವರ ಗೋರಿಗಳಿವೆ. ಆ ನೆನಪಿಗೆ ಒಂದು ಸಂಜೆ ಮಾಡಬೇಕು ಅಂತ ಸಾಹೇಬರು ಹೈದರಾಬಾದಿನ ಗೆಳೆಯರಿಗೆ ಹೇಳಿ ಅಮೆರಿಕದ ಕರಿಯರ ಸಿನಿಮಾ ಒಂದನ್ನು ತರಿಸಿದರು. ಡಿಸ್ಕಿನ ಡಬ್ಬಿಯ ಮೇಲೆ ಕರಿಯನೊಬ್ಬ ಎತ್ತರದ ಕುರ್ಚಿಯಲ್ಲಿ ಸೆಟೆದು ಕೂತಿದ್ದ, ಹೆಗಲ ಮೇಲೆ ಬಿಳಿ ಬಟ್ಟೆ ಹೊದ್ದಿದ್ದ. "ದೇಖೋ, ತಖ್ತ್ ಮ್ಯಾಲ ಕುಂತಾನ ಸರದಾರ! ಶಾನ್ ನೋಡ್ರಿ ಅವಂದು!" ಅಂತ ಸಾಹೇಬರು ಕಂಡವರಿಗೆಲ್ಲ ತೋರಿಸಿದರು. ಹಬಶಿ ಸರದಾರರ ಸಿನಿಮಾ, ಮಕ್ಕಳು-ಮರಿ ಕರೆದುಕೊಂಡು ಬನ್ನಿ ಅಂತ ಸುದ್ದಿ ಊರು ತುಂಬಿತು.

"ಸಿನಿಮಾ ಛಲೋ ಅದ ಏನೋ?" ಅಂತ ಕೌಸಲ್ಯಾಬಾಯಿ ಬೆಳಿಗ್ಗೆಯೇ ಮಗನನ್ನು ಕೇಳಿದ್ದಳು.

"ನಾ ಇನ್ನಾ ನೋಡಿಲ್ಲವ್ವಾ. ಡಿಸ್ಕ್ ನಿನ್ನಿ ಸಂಜಿಗಿ ಬಂದದ. ಮನ್ಯಾಗ ಕರೆಂಟ್ ಎಲ್ಲ್ಯದ? ಇದೊಂದು ಸಲ ಮಂದಿ ಸಂಗಟೇ ನೋಡ್ತೇನಿ" ಅಂದ ಪಂಢರಿ.

ಸಂಜೆ ಅಂಗಳ ತುಂಬಿತ್ತು. ಜಮಖಾನೆಯ ಮೇಲೆ ಒಂದು ಕಡೆ ಹೆಂಗಸರು, ಒಂದು ಕಡೆ ಗಂಡಸರು. ಬುದ್ಧ ವಿಹಾರದಿಂದ ನಾಲ್ಕಾರು ಮನೆಯವರು ಬಂದಿದ್ದರು, ಬಿದರಿ ಕೆಲಸದ ಓಣಿಯವರು ಬಂದಿದ್ದರು, ಕಾಲೇಜಿನ ಹುಡುಗಿಯರು ಬಂದಿದ್ದರು. ಎಲ್ಲರಿಗಿಂತ ಮುಂದೆ ಹಿತ್ತಲ ಮನೆಯ ಮುದುಕಿ ಬಿಸ್ಮಿಲ್ಲಾಬೀ. ಅವಳ ಕಣ್ಣು ಮಂಜು, ಪಂಢರಿಯ ಮಾತೇ ಅವಳ ಪಾಲಿನ ಸಿನಿಮಾ. ಈ ಸಲ ಬಾಡಿಗೆಗೆ ತಂದ ಜನರೇಟರಿನ ಪಕ್ಕ ಅದನ್ನು ನೋಡಿಕೊಳ್ಳುವ ಹುಡುಗ ಚಾಂದ ಪಾಶಾ. ಕೌಸಲ್ಯಾಬಾಯಿ ಜಿಜಾಬಾಯಿಯನ್ನೂ ವಿಶಾಖಾಳನ್ನೂ ತನ್ನ ಆಜುಬಾಜು ಕೂರಿಸಿಕೊಂಡು, ಗಂಡಸರ ಕಡೆ ಕೂತ ನರಸಿಂಗನಿಗೆ ಎದ್ದುನಿಂತ ಮಗನನ್ನು ಕಣ್ಣಲ್ಲೇ ತೋರಿಸಿದಳು. ಬಿಳಿ ಅಂಗಿ, ಬಾಚಿದ ತಲೆ. ವಿಶಾಖಾ ಒಮ್ಮೆ ನೋಡಿ ಕಣ್ಣು ಕೆಳಗೆ ಹಾಕಿದಳು. ಕೌಸಲ್ಯಾಬಾಯಿಗೆ ಸ್ವರ್ಗ ಮೂರೇ ಗೇಣು.

ಸಿನಿಮಾ ಸುರುವಾಯಿತು. ಸರದಾರ ಕುರ್ಚಿಯಲ್ಲಿ ಕಂಡ. ಹಿಂದಿನಿಂದ ಒಂದು ಕೈ ಬಂತು, ಕೈಯಲ್ಲಿ ಕತ್ತರಿ ಇತ್ತು.

"ಸಾಹೇಬ್ರ, ಸರದಾರ ಅಂದ್ರೆಲ್ಲರಿ? ಇಂವ ಕಟಿಂಗ್ ಮಾಡಿಸ್ಕೊಳ್ಲಾಕತ್ತಾನ!" ಅಂತ ಯಾರೋ ಕೂಗಿದರು. ಅಂಗಳವೆಲ್ಲ ಘೊಳ್ಳೆಂದು ನಕ್ಕಿತು. ಸಾಹೇಬರು ಕೆಂಪಾಗಿ, "ಸಬರ್ ಮಾಡ್ರಿ, ಮುಂದ ಬರ್ತದ" ಅಂದರು.

ಮುಂದೆ ಬಂದದ್ದು ನಲ್ಲಿ. ಕ್ಷೌರದಂಗಡಿಯ ಮೂಲೆಯಲ್ಲಿ ಒಂದು ನಲ್ಲಿ ಬಿಟ್ಟಿತ್ತು, ನೀರು ಸುಮ್ಮನೆ ಧೋ ಅಂತ ಹರಿಯುತ್ತಿತ್ತು. ಕಲೆಯ ಸಿನಿಮಾ ಅಂದರೆ ಹಾಗೇ ತಾನೇ, ಕ್ಯಾಮೆರಾ ಅಲ್ಲೇ ನಿಂತುಬಿಟ್ಟಿತು.  ಆಮೇಲೆ ಹೆಂಗಸರ ಕಡೆಯಿಂದ ಹೊಟ್ಟೆ ಉರಿದ ದನಿಗಳು ಎದ್ದವು. "ಏ ಯವ್ವಾ, ಎಷ್ಟ್ ನೀರೇ!" "ಯಾರರ ಬಂದ್ ಮಾಡ್ರೋ ಅದನ್ನ!" "ಕೊಡಾ ಇಡ್ರೇ ಕೆಳಗ!" ಜಿಜಾಬಾಯಿ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. ಔರಾದಿನಲ್ಲಿ ಹಾಗೆ ನಲ್ಲಿ ಬಿಟ್ಟವನನ್ನು ಓಣಿಯೇ ಸೇರಿ ಚಚ್ಚುತ್ತಿತ್ತು.

ಅಂಗಡಿಯ ಬಾಗಿಲು ತೆರೆದು ಇನ್ನೊಬ್ಬ ಕರಿಯ ಒಳಗೆ ಬಂದ. ಕೈಯಲ್ಲಿ ಚೀಲ, ಮುಖದಲ್ಲಿ ದಣಿವು. ಕ್ಷೌರಿಕ ಅವನನ್ನು ನೋಡಿದ, ಅವನು ಇವನನ್ನು ನೋಡಿದ. ಇಬ್ಬರೂ ಇಂಗ್ಲಿಷಿನಲ್ಲಿ ಮೆಲ್ಲಗೆ ಏನೋ ಅಂದರು. ಪಂಢರಿ ಬಾಯಿ ತೆರೆದ, ಮುಚ್ಚಿದ. 

"ಏನಂದ್ರೋ ಪಂಢರಿ?" ಅಂದಳು ಬಿಸ್ಮಿಲ್ಲಾಬೀ.

"ಇವರು… ಇವರಿಬ್ಬರು ಅಣ್ಣ-ತಮ್ಮರಿ" ಅಂದ ಪಂಢರಿ. "ತಮ್ಮ ದುಡಿಲಾಕ ಊರ ಬಿಟ್ಟು ಹೋಗಿದ್ದ. ಭಾಳ ವರ್ಷಾದ ಮ್ಯಾಲ ತಿರುಗಿ ಬಂದಾನ. 'ನನ್ನ ಮರ್ತಿದ್ದೇನು' ಅಂತ ಕೇಳ್ಲಾಕತ್ತಾನ."

ಅಷ್ಟು ಸಾಕಾಯಿತು. ಆ ಅಂಗಳದಲ್ಲಿ ಊರು ಬಿಟ್ಟು ಹೋದ ಒಬ್ಬರಾದರೂ ಇಲ್ಲದ ಮನೆ ಯಾವುದಿತ್ತು? ಅಣ್ಣ ತಮ್ಮನ ತಲೆಗೆ ಬೆಚ್ಚಗಿನ ನೀರು ಹಾಕಿ ತೊಳೆದ. ಬೆರಳುಗಳು ಕೂದಲಲ್ಲಿ ನಿಧಾನಕ್ಕೆ ಓಡಾಡಿದವು. ಜಿಜಾಬಾಯಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ಅಣ್ಣ ಅಂದ್ರ ಹಿಂಗಿರ್ಬೇಕು ನೋಡ್ರಿ ಬೀಗತ್ರ. ತಾಯಿ ಇದ್ದಂಗ" ಅಂದಳು. ಕಲ್ಲೆದೆಯ ನರಸಿಂಗನೂ ಅಳು ಅಡಗಿಸಲು ಕೆಮ್ಮಿದ.

ಆಗ ತಮ್ಮ ಒದ್ದೆ ತಲೆ ಎತ್ತಿದ. ಅಣ್ಣ ಬಗ್ಗಿದ. ಅವನ ಕೆನ್ನೆಯನ್ನು ಎರಡೂ ಕೈಯಲ್ಲಿ ಹಿಡಿದು ತುಟಿಗೆ ತುಟಿ ಇಟ್ಟ. ಇಟ್ಟವನು ತೆಗೆಯಲಿಲ್ಲ.

ಅಂಗಳದಲ್ಲಿ ಉಸಿರು ನಿಂತಿತು.  ಆಮೇಲೆ ಎಲ್ಲರೂ ಒಟ್ಟಿಗೆ ಬಾಯಿ ಬಿಟ್ಟರು. "ಥೂ ಥೂ ಥೂ!" "ತೋಬಾ, ತೋಬಾ!" "ಅಣ್ಣ-ತಮ್ಮ! ಒಡಹುಟ್ಟಿದವರು!" ತಾಯಂದಿರು ಮಕ್ಕಳ ಕಣ್ಣಿಗೆ ಸೆರಗು ಮುಚ್ಚಿದರು. ಜಿಜಾಬಾಯಿ ಮಗಳ ತಲೆಯನ್ನೇ ಹಿಡಿದು ತನ್ನ ತೊಡೆಗೆ ಒತ್ತಿಕೊಂಡಳು. ಬೀಗರಾಗುವವರ ಮುಂದೆ ಇದೇನಪ್ಪಾ ಗ್ರಹಚಾರ ಅಂತ ಕೌಸಲ್ಯಾಬಾಯಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

"ಅಣ್ಣ-ತಮ್ಮ ಅಲ್ರಿ!"

ಪಂಢರಿ ಕೂಗಿದ್ದ. ಅವನು ಹಾಗೆ ಕೂಗಿದ್ದನ್ನು ಯಾರೂ ಕೇಳಿರಲಿಲ್ಲ, ಅವನ ಅವ್ವ ಕೂಡ.

"ನಾ ಸುಳ್ಳ ಹೇಳ್ದೆ. ತಪ್ಪು ನಂದು, ಅವರದಲ್ಲ. ಅವರು ಅಣ್ಣ-ತಮ್ಮ ಅಲ್ಲ. ಒಬ್ಬರನ್ನೊಬ್ಬರು ಮೆಚ್ಚಿದವರು. ಗಂಡ-ಹೆಂಡ್ತಿ ಹ್ಯಾಂಗೋ ಹಂಗ. ಗಂಡಸರ ಜೋಡಿ ಬಾಳ್ವಿ ಮಾಡೂ ಗಂಡಸರು. ಸಿನಿಮಾ ಇರೋದೇ ಅವರ ಮ್ಯಾಲ." ಪರದೆಯ ಮೇಲೆ ಕ್ಷೌರಿಕ ಕನ್ನಡಿ ನೋಡುತ್ತ ಮಾತಾಡುತ್ತಿದ್ದ, ಪಂಢರಿ ಓಡಿ ಅವನ ಮಾತಿನ ಬಾಲ ಹಿಡಿದ. "ಅಂವ ಅಂತಾನ: 'ಬಿಳೇರ ಓಣಿಗಿ ಹೋದ್ರ ನಾ ಕರಿಯ ಅಂತ ಬಾಗಲ ಹಾಕ್ತಾರ. ನಮ್ಮ ಓಣಿಗಿ ಬಂದ್ರ ನಾ ಹಿಂಗ ಅಂತ ಬಾಗಲ ಹಾಕ್ತಾರ. ನಾ ಎಲ್ಲಿ ಹೋಗ್ಲಿ?'"

ಮೊದಲ ಬಾಗಿಲಿನ ಮಾತಿಗೆ ವಿಹಾರದವರು ತಟ್ಟನೆ ಸುಮ್ಮನಾದರು. ಆ ಬಾಗಿಲು ಅವರಿಗೆ ಗೊತ್ತಿದ್ದದ್ದೇ; ಅಜ್ಜಂದಿರ ಮುಖದ ಮೇಲೆ ಬಿದ್ದ ಬಾಗಿಲು. ಎರಡನೆಯದಕ್ಕೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಬಂದ್ ಕರೋ! ಚಾಂದ ಪಾಶಾ, ಬಂದ್ ಕರೋ!" ಅಂತ ಮುಜೀಬೋದ್ದೀನ ಸಾಹೇಬರು ಎದೆ ಹಿಡಿದುಕೊಂಡು ಚೀರಿದರು. ಚಾಂದ ಪಾಶಾ ಗಾಬರಿಯಲ್ಲಿ ಪ್ರೊಜೆಕ್ಟರಿನ ಬದಲು ಜನರೇಟರನ್ನೇ ನಿಲ್ಲಿಸಿಬಿಟ್ಟ. ಚಿತ್ರ ಹೋಯಿತು, ಸದ್ದು ಹೋಯಿತು, ದೀಪಗಳೂ ಹೋದವು. ಅಂಗಳ ಕಗ್ಗತ್ತಲೆ.

ಎದ್ದು ಹೋಗುತ್ತಾರೆ ಅಂತ ನೀವು ತಿಳಿಯಬಹುದು. ಕೆಲವರು ಎದ್ದರು ಕೂಡ. ಆದರೆ ಕತ್ತಲೆಯಾದರೆ ಕಥೆ ಕೇಳುವುದು ಆ ಅಂಗಳದ ಅಭ್ಯಾಸ. ನಾಚಿಕೆಗಿಂತ ಕುತೂಹಲ ದೊಡ್ಡದು, ಅದೂ ಯಾರ ಮುಖ ಯಾರಿಗೂ ಕಾಣದಿದ್ದಾಗ.

"ಫಿರ್ ಕ್ಯಾ ಹುವಾ, ಪಂಢರಿ? ಮುಂದ ಏನಾತು ಹೇಳೋ ಬೇಟಾ" ಅಂದಳು ಬಿಸ್ಮಿಲ್ಲಾಬೀ.

"ನಕ್ಕೋ, ಖಾಲಾ! ಬಸ್ ಆತು!" ಅಂದರು ಸಾಹೇಬರು.

"ನೀ ಸುಮ್ ಕೂಡ್. ಹೇಳ್ಲಿ ಅಂವ. ಕುರುಡರಿಗಿ ಏನ್ ಶರಮ್?"

ಕತ್ತಲೆಯಲ್ಲಿ ಪಂಢರಿಯ ದನಿ ಬಂತು. ಮೆಲ್ಲಗೆ ಬಂತು.

"ಇಂವ ಸಣ್ಣಾವ ಇದ್ದಾಗೇ ಇವನಿಗಿ ಗೊತ್ತಾಗಿತ್ತರಿ, ನಾ ಉಳದ ಹುಡುಗರಂಗ ಇಲ್ಲ ಅಂತ. ಯಾರಿಗಿ ಹೇಳ್ಬೇಕು? ಸಾಲ್ಯಾಗ ಒಬ್ಬ ಗೆಳೆಯ ಇದ್ದ. ಇಬ್ಬರೂ ಒಂದೇ ಬೆಂಚ್ ಮ್ಯಾಲ ಕೂಡ್ತಿದ್ರು. ಒಂದ್ ವರ್ಷ ಮಳಿ ಹೋತು. ಗೆಳೆಯನ ಮನಿಯವ್ರು ಗಂಟು ಕಟ್ಕೊಂಡು ಪಟ್ಟಣಕ್ಕ ದುಡಿಲಾಕ ಹೋದ್ರು. ಇಂವ ಬಸ್ಸಿನ ಹಿಂದ ಓಡಿದ. ಗೆಳೆಯ ಕಿಡಕ್ಯಾಗಿಂದ ಕೈ ಮಾಡಿದ. ಅಷ್ಟೇ. ಮತ್ತ ಅಂವ ಬರಲಿಲ್ಲ."

"ಅಲ್ಲೂ ಮಳಿ ಹೋಗ್ತದೇನು?" ಅಂತ ಯಾರೋ ಗೊಣಗಿದರು.

"ಎಲ್ಲಾ ಕಡೀನೂ ಹೋಗ್ತದ, ಬಾಯಿ ಮುಚ್ಚು" ಅಂತ ಇನ್ಯಾರೋ ಗದರಿದರು.

"ಅವತ್ತಿನಿಂದ ಇಂವ ಮಾತೇ ಬಿಟ್ಟ. ಉಣ್ಣಲಿಲ್ಲ, ಆಡಲಿಲ್ಲ. ಅವ್ವಗ ಅಂಜಿಕಿ ಆತು. ಮಗನಿಗಿ ದೃಷ್ಟಿ ತಾಕ್ಯಾದ ಅಂದ್ಕೊಂಡ್ಳು. ಇದನ್ನೆಲ್ಲ ನಂಬಬಾರ್ದು ಅಂತ ಊರಿಗಿ ಹೇಳೂ ಹೆಣಮಗಳು ಆಕಿ. ಯಾರರ ನೋಡ್ಯಾರು ಅಂತ ಬಾಗಲ ಹಾಕ್ಕೊಂಡು, ಉಪ್ಪು, ಕೆಂಪ ಮೆಣಸಿನಕಾಯಿ ನಿವಾಳಿಸಿ ಒಲಿಯಾಗ ಹಾಕಿದ್ಳು. ಘಾಟೇ ಬರಲಿಲ್ಲ. 'ನೋಡು, ಎಷ್ಟ್ ದೃಷ್ಟಿ ಆಗಿತ್ತು, ಎಲ್ಲಾ ಹೋತು' ಅಂತ ಎದಿಗಿ ಅಪ್ಕೊಂಡ್ಳು. ಇಂವ ಅವತ್ತು ಹೇಳ್ಬೇಕು ಅಂದ. ಆಕಿ ಭಾಳ ಖುಷಿಯಾಗಿದ್ಳು. ಹೇಳಲಿಲ್ಲ."

"ಹಬಶಿಗಳೂ ದೃಷ್ಟಿ ತೆಗೀತಾರೇನೇ!" ಅಂತ ಹೆಂಗಸರ ಕಡೆ ನಗು ಎದ್ದಿತು. "ತಾಯಿ ಕರುಳು, ಯಾವ ದೇಶಾದ್ರೇನು" ಅಂದಳು ಜಿಜಾಬಾಯಿ.

ಕೌಸಲ್ಯಾಬಾಯಿ ನಗಲಿಲ್ಲ. ಅವಳಿಗೆ ಕಂಡದ್ದೇ ಬೇರೆ: ಭಾತಂಬ್ರಾದ ಆ ಮನೆ, ಅಗುಳಿ ಹಾಕಿದ ಆ ಬಾಗಿಲು, ಗೋಡೆಯ ಮೇಲಿನ ಬಾಬಾಸಾಹೇಬರ ಫೋಟೋಕ್ಕೆ ಬೆನ್ನು ಮಾಡಿ ಒಲೆಯ ಮುಂದೆ ಕೂತ ತಾನು. ವಿಹಾರದವರಿಗೆ ಗೊತ್ತಾದರೆ ಬುದ್ಧಿ ಹೇಳುತ್ತಾರೆ ಅಂತ ಆಗ ಬದುಕಿದ್ದ ಗಂಡನಿಗೂ ಹೇಳಿರಲಿಲ್ಲ. ಆ ಸಂಗತಿ ಜಗತ್ತಿನಲ್ಲಿ ಇಬ್ಬರಿಗೇ ಗೊತ್ತಿತ್ತು. ಮಗ ಈ ಸಿನಿಮಾ ನೋಡಿಯೇ ಇರಲಿಲ್ಲ. ಪರದೆಯ ಮೇಲೆ ಏನೂ ಇರಲಿಲ್ಲ. ಹಾಗಾದರೆ ಅವನು ಯಾರ ಕಥೆ ಹೇಳುತ್ತಿದ್ದಾನೆ?

 ಸುಳ್ಳಿರಲಿ, ಸುಳ್ಳಿರಲಿ ಅಂತ ಮನಸ್ಸು ಬಡಿದುಕೊಂಡಿತು. ಎದ್ದು ಹೋಗಿ ಅವನ ಬಾಯಿ ಮುಚ್ಚಬೇಕು ಅನಿಸಿತು, ಎದ್ದರೆ ಎಲ್ಲರಿಗೂ ತಿಳಿದುಬಿಡುತ್ತದೆ ಅಂತ ಕೂತೇ ಇದ್ದಳು.

"ಈಗ ಅವ್ವ ಹೆಣ್ಣು ನೋಡ್ಯಾಳ" ಅಂದ ಪಂಢರಿ.  "ಹುಡುಗಿ ಛಲೋ ಅದ. ಓದಿದಾಕಿ. ಒಲ್ಲೆ ಅಂದ್ರ ಅವ್ವನ ಮಾರಿ ಹ್ಯಾಂಗ ನೋಡ್ಲಿ? ಹೂಂ ಅಂದ್ರ ಆ ಹುಡುಗಿ ಮಾರಿ ಜಲ್ಮ ಪೂರ್ತಿ ಹ್ಯಾಂಗ ನೋಡ್ಲಿ? ಅಂವ ಹಂಗೇ ನಿಂತಾನ."

"ಆಮೇಲೆ? ಲಗ್ನ ಆದ್ನೇನು?" ಅಂದಳು ಬಿಸ್ಮಿಲ್ಲಾಬೀ.

"ಮುಂದಿಂದು ನಾ ನೋಡಿಲ್ಲ, ಖಾಲಾ."

ಜನರೇಟರು ಗುಡುಗಿ ದೀಪ ಹತ್ತಿತು. ಕಣ್ಣು ಉಜ್ಜಿಕೊಳ್ಳುತ್ತ ಮಂದಿ ಎದ್ದರು. ಕಥೆ ಕೇಳುವಾಗ ಸುಮ್ಮನಿದ್ದವರಿಗೇ ಬೆಳಕಾದ ಮೇಲೆ ಮಾನ-ಮರ್ಯಾದೆ ನೆನಪಾಯಿತು. ಸಾಹೇಬರನ್ನು ಸುತ್ತುಗಟ್ಟಿ ತರಾಟೆಗೆ ತೆಗೆದುಕೊಂಡರು. ಪಂಢರಿ ಚಾದರದ ಪಕ್ಕದಲ್ಲಿ ಕಂಬ ಹಿಡಿದು ನಿಂತೇ ಇದ್ದ. ಅವ್ವನ ಕಡೆ ನೋಡಿದ. ಅವ್ವ ಕಣ್ಣು ತಪ್ಪಿಸಿದಳು.

ಹವೇಲಿಯ ದೊಡ್ಡ ಬಾಗಿಲ ಹೊರಗೆ ಬಂದದ್ದೇ ಜಿಜಾಬಾಯಿ ಕೌಸಲ್ಯಾಬಾಯಿಯ ಕೈ ಹಿಡಿದಳು. "ಆ ಹೊಲಸ ಸಿನಿಮಾ ಸುಡ್ಲಿ. ನಿಮ್ಮ ಮಗಂದೇನ್ ತಪ್ಪರಿ? ಎಂಥಾ ಮಾತು! ಅಳಿಸಿಬಿಟ್ಟ ನನಗ. ತಪ್ಪಾತು ಅಂತ ಮಂದಿ ಮುಂದ ಒಪ್ಕೊಳ್ಳೂ ಗಂಡಸು ಎಲ್ಲಿ ಸಿಗ್ತಾನ? ನಮಗ ಮನಸಿಗಿ ಬಂದದ. ಏನಂತಿ ನರಸಿಂಗಾ?"

"ನಂದೂ ಹೂಂ" ಅಂದ ನರಸಿಂಗ. "ಹುಡುಗಿ ಇವತ್ತೇ ನನ್ನ ಸಂಗಟ ಭಾಲ್ಕಿಗಿ ಬರ್ಲಿ."

ಜಿಜಾಬಾಯಿ ಸೊಂಟದ ಚೀಲದಿಂದ ಕಾಗದದ ಪೊಟ್ಟಣ ತೆಗೆದಳು. ಅವರಲ್ಲಿ ಎರಡೂ ಕಡೆಯ ತಾಯಂದಿರು ಒಬ್ಬರ ಬಾಯಿಗೊಬ್ಬರು ಸಕ್ಕರೆ ಹಾಕಿದರೆ ಮದುವೆ ಗೊತ್ತಾದ ಹಾಗೆ. ಆಮೇಲೆ ಮಾತು ತಿರುಗಿಸುವಂತಿಲ್ಲ. ಒಂದು ಚಿಟಿಕೆ ಎತ್ತಿ, ನಗುತ್ತ, "ಬಾಯಿ ತೆಗೀರಿ ಬೀಗತ್ರ" ಅಂದಳು.

ಕೌಸಲ್ಯಾಬಾಯಿ ವಿಶಾಖಾಳನ್ನು ನೋಡಿದಳು. ಹುಡುಗಿ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ನಿಂತಿತ್ತು, ಮುಖದಲ್ಲಿ ಸಣ್ಣ ಆಸೆ. ಸಕ್ಕರೆ ತಿಂದರೆ ಈ ಹುಡುಗಿ ಇಟ್ಟಿಗೆ ಹೊರುವುದು ತಪ್ಪುತ್ತದೆ, ಊರ ಬಾಯಿ ಮುಚ್ಚುತ್ತದೆ, ನಾಳೆ ಮೊಮ್ಮಗು ಬಂದರೂ ಬಂದೀತು. ಎಷ್ಟು ಮಂದಿ ಹಾಗೆ ಬಾಳುವೆ ಮಾಡಿಲ್ಲ? ತನಗೇನೂ ಗೊತ್ತಿರಲಿಲ್ಲ ಅಂದರೆ ಕೇಳುವವರು ಯಾರು? ಒಂದು ಕ್ಷಣ ಅವಳ ತುಟಿ ಬಿಚ್ಚಿಯೂ ಬಿಚ್ಚಿತು. ಆದರೆ ಗೊತ್ತಿತ್ತಲ್ಲ. ಈಗ ಗೊತ್ತಿತ್ತು. ಗೊತ್ತಿದ್ದೂ ಇನ್ನೊಬ್ಬರ ಮಗಳನ್ನು ಬಾವಿಗೆ ದೂಡುವುದು ಹೇಗೆ?

ಅವಳು ಮುಖ ಹೊರಳಿಸಿದಳು. ಸಕ್ಕರೆ ಕೆನ್ನೆಗೆ ತಾಗಿ ಕೆಳಗೆ ಉದುರಿತು.

"ನಮಗ ಆಗಂಗಿಲ್ಲ, ಜಿಜಾಬಾಯಿ."

"ಏನು?"

"ಈ ಲಗ್ನ ಆಗಂಗಿಲ್ಲ. ನಿಮ್ಮ ಹುಡುಗಿ ಬಂಗಾರ. ಆಕೀದೇನೂ ತಪ್ಪಿಲ್ಲ, ಇದನ್ನ ನಾ ನಾಲ್ಕ್ ಮಂದಿ ಮುಂದ ಹೇಳ್ತೇನಿ. ಬ್ಯಾಡ ಅನ್ನಾಕಿ ನಾನು."

ಜಿಜಾಬಾಯಿಯ ಮುಖ ಮೊದಲು ಬಿಳುಚಿತು, ಆಮೇಲೆ ಕೆಂಡವಾಯಿತು. "ಹುಡುಗಾಟ ಹಚ್ಚೀರೇನ್ರಿ? ಫೋನ್ ಮ್ಯಾಲ ಫೋನ್ ಹಚ್ಚಿ ಕರದಾಕಿ ನೀವು. ಔರಾದಿಂದ ಹೊಟ್ಟಿ ಕಟ್ಕೊಂಡು ಬಂದೇವಿ. ಸೋಮಾರ ಈ ಹುಡುಗಿನ್ನ ಎಲ್ಲಿ ಬಿಡ್ಲಿ ನಾ? ಏನ್ ಕಡಿಮಿ ಆತು ಹೇಳ್ರಿ!"

"ಏನೂ ಕಡಿಮಿ ಇಲ್ರಿ."

"ಮತ್ಯಾಕ?"

ಕೌಸಲ್ಯಾಬಾಯಿ ಹಲ್ಲು ಕಚ್ಚಿ ನಿಂತಳು. ಕಾರಣ ಕೊಟ್ಟರೆ ಮಗ ಹೋದ, ಕೊಡದಿದ್ದರೆ ತಾನು ಹೋದಳು. ತಾನು ಹೋದರೆ ಹೋಗಲಿ.

"ಹೆಣಮಕ್ಕಳನ್ನ ಕರದು ಮಾರಿ ಮ್ಯಾಲ ಹೊಡದು ಕಳಸ್ತೀರಿ! ನಿನ್ನ ಸೊಕ್ಕಿಗಿ ನಿನ್ನ ಮನಿಗಿ ಸೊಸಿನೇ ಬರಬಾರ್ದು, ಹಾಂ! ಬರಬಾರ್ದು ನೋಡು!" ಜಿಜಾಬಾಯಿಯ ದನಿ ಹಳೇ ಬೀದರದ ಗಲ್ಲಿ ತುಂಬಿತು. ಅಜಾಯಬ್‌ಘರದಿಂದ ಹೊರಬರುತ್ತಿದ್ದವರೆಲ್ಲ ನಿಂತರು. ಅವರ ಹಿಂದೆ ಪಂಢರಿಯೂ ಬಂದು ನಿಂತಿದ್ದ.

"ಬರಂಗಿಲ್ರಿ" ಅಂದಳು ಕೌಸಲ್ಯಾಬಾಯಿ. ದನಿ ಗಟ್ಟಿಯಾಗಿತ್ತು, ಕಣ್ಣಿನಿಂದ ನೀರು ದಳದಳ ಇಳಿಯುತ್ತಿತ್ತು. "ನನ್ನ ಮನಿಗಿ ಸೊಸಿ ಬರಂಗಿಲ್ಲ."

 ವಿಶಾಖಾ ತಾಯಿಯ ತೋಳು ಹಿಡಿದು, "ನಡಿ ಅವ್ವಾ, ಬಸ್ಸಿಗಿ ಹೊತ್ತಾಗ್ತದ" ಅಂದಳು. ನರಸಿಂಗ ಚೀಲ ಎತ್ತಿಕೊಂಡು ಭಾಲ್ಕಿಯ ಮಾತು ಎತ್ತದೆ ಮುಂದೆ ನಡೆದ. ಆ ಹುಡುಗಿ ಸೋಮವಾರ ಎಲ್ಲಿರುತ್ತದೆ ಅನ್ನುವುದು ಕೌಸಲ್ಯಾಬಾಯಿಗೆ ಗೊತ್ತಿತ್ತು. ತಾನು ಒಳ್ಳೆಯದು ಮಾಡಿದೆನೋ ಕೆಟ್ಟದ್ದು ಮಾಡಿದೆನೋ ತಿಳಿಯದೆ ಅವರು ತಿರುವು ದಾಟುವ ತನಕ ನೋಡಿದಳು.

ಮಂದಿ ಚದುರಿದರು. ತಾಯಿ-ಮಗ ಇಬ್ಬರೇ ಉಳಿದರು. ನೌಬಾದದ ಆಟೊ ಒಂದೂ ಕಾಣಲಿಲ್ಲ. ಪಂಢರಿ ಹತ್ತಿರ ಬಂದ, ತೀರ ಹತ್ತಿರ ಬರಲು ಅಂಜಿದ.

ಕೌಸಲ್ಯಾಬಾಯಿ ಅವನ ಮೇಲೆ ಹರಿಹಾಯ್ದಳು. "ಮಾತಾಡಬ್ಯಾಡ ನನ್ನ ಸಂಗಟ! ನನಗ ಏನೂ ತಿಳಿವಲ್ದು. ಹೊಟ್ಟ್ಯಾಗ ಬೆಂಕಿ ಬಿದ್ದದ. ಇಷ್ಟ್ ವರ್ಷ ಒಂದೇ ಗಂಗಾಳದಾಗ ಉಂಡೇವಿ. ನಾ ಏನ್ ಪರಕೀಯಳೇನು? ಊರ ಮಂದಿ ಮುಂದ ಹೇಳ್ತಿ, ಬಿಸ್ಮಿಲ್ಲಾಬೀ ಮುಂದ ಹೇಳ್ತಿ, ಗುರ್ತಿಲ್ಲದವರ ಮುಂದ ಹೇಳ್ತಿ. ಹೆತ್ತ ಅವ್ವಗ ಒಂದ್ ಮಾತ ಹೇಳ್ಲಾಕ ನಿನಗ ಬಾಯಿ ಬರಲಿಲ್ಲೇನೋ?"

"ನಿನಗೇ ಹೇಳ್ದೆವ್ವಾ" ಅಂದ ಪಂಢರಿ. "ಕತ್ತಲಾಗಿತ್ತು, ನಿನ್ನ ಮಾರಿ ಕಾಣ್ತಿರಲಿಲ್ಲ. ಅದಕ್ಕೇ ಹೇಳ್ಲಾಕಾತು."